‘ರಿಲೇಟ್ ಆಯ್ತು’ ಅಂದ್ರೆ ಏನಾಯ್ತು?

ಬೆಂಗಳೂರಿನ ಓದುಗರ ಬಳಗಗಳಲ್ಲಿ ಈಗ ಒಂದು ಮಾತು ಜೋರಾಗಿ ಚಲಾವಣೆಯಲ್ಲಿದೆ: ‘ಆ ಕ್ಯಾರೆಕ್ಟರ್ ನಂಗೆ ತುಂಬಾ ರಿಲೇಟ್ ಆಯ್ತು.’ ರಿಲೇಟ್ ಆದ್ರೆ ಪುಸ್ತಕ ಪಾಸು, ಆಗ್ಲಿಲ್ಲ ಅಂದ್ರೆ ಫೇಲು. ನಾವು ಆಫೀಸಲ್ಲಿ ಟೆಸ್ಟ್ ಕೇಸ್ ಓಡಿಸ್ತೀವಲ್ಲ, ಹಾಗೆ. ಹಾಗಂದ್ರೆ ಏನು ಅಂತ ಸ್ವಲ್ಪ ಕೆದಕಿ ಕೇಳಿ ನೋಡಿ. ‘ಅವಳೂ ನನ್ನ ಥರಾನೇ ಯೋಚ್ನೆ ಮಾಡ್ತಾಳೆ’, ‘ನಮ್ಮನೇಲೂ ಹಿಂಗೇ ಆಗಿತ್ತು’ ಅಂತಾರೆ. ಪಾತ್ರ ಅಂದ್ರೆ ಒಂದು ಕನ್ನಡಿ, ನಾವು ಅದರ ಮುಂದೆ ನಿಂತು ತಲೆ ಬಾಚ್ಕೊಳ್ಳೋದು, ಅಷ್ಟೇ ಅನ್ನೋ ಹಾಗೆ.

ನಂಗೆ ಈ ಲೆಕ್ಕ ಯಾವತ್ತೂ ತಾಳೆ ಆಗಿಲ್ಲ. ಜಯನಗರದಲ್ಲಿ ಹುಟ್ಟಿ, ಅಲ್ಲೇ ಓದಿ, ಈಗ ನನ್ನ ಪಕ್ಕದ ಟೀಮಿನಲ್ಲಿರೋ ಸಹೋದ್ಯೋಗಿಯೊಬ್ಬಳು ಭೈರಪ್ಪನವರ ‘ಗೃಹಭಂಗ’ ಓದಿ ಮುಗಿಸಿ ಎರಡು ದಿನ ಊಟ ಸೇರಲಿಲ್ಲ ಅಂದಳು. ಅವಳು ಪ್ಲೇಗು ನೋಡಿಲ್ಲ, ಶ್ಯಾನುಭೋಗಿಕೆ ಅನ್ನೋ ಪದವನ್ನೇ ಆ ಪುಸ್ತಕದಲ್ಲಿ ಮೊದಲ ಸಲ ಕಂಡವಳು. ಮುತ್ತುಗದೆಲೆ ತೋರಿಸಿದ್ರೆ ಅದು ಯಾವ ಮರದ್ದು ಅಂತ ಹೇಳಲಾರಳು. ಅವಳ ಗಂಡ ಪಾಪ ಒಳ್ಳೆಯವನು, ಅಡುಗೇನೂ ಮಾಡ್ತಾನೆ. ಹಾಗಿದ್ರೆ ನಂಜಮ್ಮ ಅವಳಿಗೆ ಎಲ್ಲಿ ಸಿಕ್ಕಿದಳು?

ನಂಜಮ್ಮನ ವಿಷಯವನ್ನ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ನನ್ನ ಪ್ರಕಾರ ಕನ್ನಡದ ಓದುಗರು ಒಂದು ಪಾತ್ರಕ್ಕೆ ಯಾಕೆ ಅಂಟಿಕೊಳ್ತಾರೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಇಲ್ಲ. 1970ರಲ್ಲಿ ಬಂದ ಕಾದಂಬರಿ. ಕಥೆ ನಡೆಯೋದು ನಮ್ಮ ತುಮಕೂರು ಸೀಮೆಯ ತಿಪಟೂರು ಕಡೆ, ಹಾಸನಕ್ಕೆ ತಾಗಿದ ಭಾಗದಲ್ಲಿ. ನಂಜಮ್ಮನ ಕಷ್ಟದ ಪಟ್ಟಿ ಮಾಡಿದ್ರೆ ಮುಗಿಯಲ್ಲ. ಹೊಟ್ಟೆ ಬಿಟ್ಟರೆ ಬೇರೆ ಲೋಕವೇ ಗೊತ್ತಿಲ್ಲದ ಗಂಡ ಚೆನ್ನಿಗರಾಯ, ಬಾಯಿ ಬಿಟ್ಟರೆ ಬೈಗುಳವೇ ಬರೋ ಅತ್ತೆ ಗಂಗಮ್ಮ, ಕೈಬಿಟ್ಟು ಹೋದ ಜಮೀನು, ಬರ, ಪ್ಲೇಗು. ಆದರೆ ಕಷ್ಟದ ಪಟ್ಟಿ ಉದ್ದ ಇದ್ದ ಮಾತ್ರಕ್ಕೆ ಪಾತ್ರ ಹತ್ತಿರ ಆಗಲ್ಲ ಕಣ್ರಿ. ಆಗೋ ಹಾಗಿದ್ರೆ ಸಂಜೆ ಏಳರಿಂದ ಹತ್ತರವರೆಗೆ ಟಿವಿಯಲ್ಲಿ ಅಳೋ ಸೊಸೆಯಂದಿರೆಲ್ಲ ನಮ್ಮ ಎದೆಯಲ್ಲಿ ಮನೆ ಮಾಡ್ಬೇಕಿತ್ತು. ಅವರ ಹೆಸರೇ ನೆನಪಿರಲ್ಲ.

ನಂಜಮ್ಮ ನೆನಪಿರೋದು ಅವಳು ಲೆಕ್ಕ ಬರೀತಾಳೆ ಅನ್ನೋದಕ್ಕೆ. ಶ್ಯಾನುಭೋಗಿಕೆ ಗಂಡನದು, ಅವನಿಗೆ ಲೆಕ್ಕ ಬರಲ್ಲ. ರೂಲು ಎಳೆದು, ಖಾತೆ ಖಿರ್ದಿ ಹಾಕಿ, ಕಂದಾಯದ ಲೆಕ್ಕ ಸರಿ ಮಾಡಿ, ವರ್ಷದ ಕೊನೆಗೆ ಒಪ್ಪ ಮಾಡೋಳು ಇವಳು. ಅಕ್ಷರ ಇವಳದು, ಹುದ್ದೆ ಅವನದು. ಭೈರಪ್ಪ ಈ ಕೆಲಸವನ್ನ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಲ್ಲ. ನಾವು ಅವಳ ಪಕ್ಕದಲ್ಲಿ ಕೂತು ಪುಸ್ತಕಕ್ಕೆ ಗೆರೆ ಎಳೆಯೋದನ್ನ ನೋಡ್ತೀವಿ. ಸಾಲದ್ದಕ್ಕೆ ಮುತ್ತುಗದೆಲೆ ತಂದು ಹಚ್ಚಿ ಮಾರಿ ಮಕ್ಕಳ ಹೊಟ್ಟೆ ಹೊರೀತಾಳೆ. ಆ ಎಲೆಗಳನ್ನ ತರೋದು, ಒಣಗಿಸೋದು, ಕಟ್ಟು ಕಟ್ಟೋದು ಎಲ್ಲ ಕಾದಂಬರಿಯಲ್ಲಿ ಇದೆ.

ನನ್ನ ಸಹೋದ್ಯೋಗಿಗೆ ನಂಜಮ್ಮ ಸಿಕ್ಕಿದ್ದು ಇಲ್ಲಿ ಅಂತ ನನ್ನ ಅನುಮಾನ. ಕೆಲಸ ಬಲ್ಲವಳು, ಕೆಲಸದಲ್ಲಿ ಅಚ್ಚುಕಟ್ಟು, ಆದರೆ ಆ ಕೆಲಸದ ಮೇಲೆ ಅವಳ ಹೆಸರಿಲ್ಲ. ರಾತ್ರಿಯೆಲ್ಲ ಕೂತು ಕೋಡ್ ಬರೆದೋಳು ಒಬ್ಬಳು, ಬೆಳಿಗ್ಗೆ ಕ್ಲೈಂಟ್ ಮುಂದೆ ಸ್ಲೈಡ್ ತೋರಿಸೋನು ಇನ್ನೊಬ್ಬ. ಈ ಹೋಲಿಕೆ ಕೇಳಿ ನೀವು ನಗಬಹುದು, ಪ್ಲೇಗಿನ ಪಕ್ಕದಲ್ಲಿ ಪವರ್‌ಪಾಯಿಂಟ್ ಇಟ್ಟೆ ಅಂತ. ಅವಳು ಈ ಹೋಲಿಕೆ ಮಾಡ್ಕೊಂಡೇ ಓದಿದಳು ಅಂತಾನೂ ನಾನು ಹೇಳ್ತಿಲ್ಲ. ನಂಜಮ್ಮನ ಜೀವನ ಅವಳ ಜೀವನದ ಥರ ಒಂದಿಷ್ಟೂ ಇಲ್ಲ. ಆದರೆ ಒಬ್ಬರು ಕೈಯಲ್ಲಿರೋ ಕೆಲಸವನ್ನ ಮರ್ಯಾದೆಯಿಂದ ಮಾಡೋದನ್ನ ತುಂಬಾ ಹೊತ್ತು ಹತ್ತಿರದಿಂದ ನೋಡಿದಾಗ ನಮಗೆ ಗೊತ್ತಿಲ್ಲದೆ ಅವರ ಪಕ್ಷ ಸೇರಿಬಿಡ್ತೀವಿ. ಆಮೇಲೆ ಮಕ್ಕಳಿಗೆ ಪ್ಲೇಗು ಬಂದಾಗ ಕಾದಂಬರಿಕಾರ ಒಂದು ಹನಿ ಕಣ್ಣೀರು ಕೇಳಬೇಕಾಗಿಲ್ಲ. ಭೈರಪ್ಪ ಕೇಳೋದೂ ಇಲ್ಲ, ಏನಾಯ್ತು ಅಂತ ಹೇಳ್ತಾ ಹೋಗ್ತಾರೆ ಅಷ್ಟೇ.

ಗಂಗಮ್ಮನ್ನ ಮರೀಬಾರದು. ಒಳ್ಳೇ ಪಾತ್ರಕ್ಕೆ ಮಾತ್ರ ಓದುಗ ಒಲೀತಾನೆ ಅನ್ನೋರಿಗೆ ಗಂಗಮ್ಮನೇ ಉತ್ತರ. ಅವಳ ಬಾಯಿಂದ ಬರೋ ಬೈಗುಳಗಳನ್ನ ಇಲ್ಲಿ ಬರೆಯೋಕಾಗಲ್ಲ, ಆದರೆ ಅವು ಪುಟದ ಮೇಲೆ ಬಂದಾಗಲೆಲ್ಲ ನಮ್ಮ ಕಡೆಯೋರ ಮುಖ ಅರಳುತ್ತೆ. ಯಾಕಂದ್ರೆ ಪ್ರತಿ ಊರಲ್ಲೂ ಒಬ್ಬ ಗಂಗಮ್ಮ ಇದ್ದಾಳೆ. ಬೋರ್‌ವೆಲ್ ಹತ್ರ ಬಿಂದಿಗೆ ಸಾಲಲ್ಲಿ ನಿಂತು ಮೂರು ತಲೆಮಾರನ್ನ ಒಟ್ಟಿಗೆ ಬೈದು, ನೀರು ತುಂಬಿದ ಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ‘ಬಾರಮ್ಮ, ಬಿಂದಿಗೆ ಎತ್ಕೊಡು’ ಅಂತಾಳೆ. ಗಂಗಮ್ಮನಿಂದ ಆ ಸಂಸಾರ ಹಾಳಾಯ್ತು ಅಂತ ಗೊತ್ತಿದ್ರೂ ಅವಳು ಇಲ್ಲದ ಪುಟ ಸಪ್ಪೆ ಅನ್ನಿಸುತ್ತೆ. ಪಾತ್ರವನ್ನ ಇಷ್ಟಪಡೋದು ಬೇರೆ, ಪಾತ್ರ ನಮ್ಮನ್ನ ಹಿಡಿದು ಕೂರಿಸೋದು ಬೇರೆ.

ಚೆನ್ನಿಗರಾಯನದು ಇನ್ನೂ ವಿಚಿತ್ರ. ಮೊದಲ ಸಲ ಓದೋರು ಕೊನೇವರೆಗೂ ಕಾಯ್ತಾರೆ, ಈ ಮನುಷ್ಯ ಒಂದಲ್ಲ ಒಂದು ದಿನ ಬದಲಾಗ್ತಾನೆ ಅಂತ. ಇಂಗ್ಲಿಷಲ್ಲಿ ಕಾದಂಬರಿ ಬರೆಯೋದು ಹೇಗೆ ಅಂತ ಪಾಠ ಮಾಡೋರು ‘ಕ್ಯಾರೆಕ್ಟರ್ ಆರ್ಕ್’ ಅಂತಾರಲ್ಲ, ಪಾತ್ರ ಶುರುವಲ್ಲಿ ಇದ್ದ ಹಾಗೆ ಕೊನೆಗೆ ಇರಬಾರದು ಅನ್ನೋ ನಿಯಮ. ಚೆನ್ನಿಗರಾಯ ಈ ನಿಯಮಕ್ಕೆ ಉಗಿದು ಹೋಗ್ತಾನೆ. ಮಕ್ಕಳು ಸತ್ತರೂ ಬದಲಾಗಲ್ಲ, ಹೆಂಡತಿ ಸತ್ತರೂ ಬದಲಾಗಲ್ಲ. ಹಳ್ಳಿಯಲ್ಲಿ ಬೆಳೆದವನಾಗಿ ಹೇಳ್ತೀನಿ, ಆ ಕಾದಂಬರಿಯಲ್ಲಿ ಅತಿ ನಿಜವಾದ ಸಂಗತಿ ಇದು.

ಈಗ ಆತ್ಮಕಥೆಗೆ ಬರೋಣ. ಭೈರಪ್ಪ ‘ಗೃಹಭಂಗ’ ಬರೆದು 26 ವರ್ಷ ಆದ ಮೇಲೆ, 1996ರಲ್ಲಿ, ‘ಭಿತ್ತಿ’ ಬಂತು. ಅದನ್ನ ಓದಿದಾಗ ನಂಜಮ್ಮನ ಹಿಂದೆ ಯಾರಿದ್ದಾರೆ ಅನ್ನೋದು ಗೊತ್ತಾಗುತ್ತೆ. ಪ್ಲೇಗು ನಿಜ, ಸಾವುಗಳು ನಿಜ, ತಾಯಿ ನಿಜ. ನಿಜ ಅಂತ ಗೊತ್ತಾದ ಮೇಲೆ ಆ ತಾಯಿ ನಂಜಮ್ಮನಿಗಿಂತ ಹತ್ತಿರ ಆಗ್ಬೇಕಲ್ವಾ? ನಂಗೆ ಹಾಗಾಗಲಿಲ್ಲ, ನಾನು ಕೇಳಿದ ಓದುಗರಲ್ಲಿ ಬಹಳ ಜನಕ್ಕೂ ಆಗಲಿಲ್ಲ. ‘ಭಿತ್ತಿ’ಯಲ್ಲಿ ನಮ್ಮನ್ನ ಹಿಡಿಯೋದು ಹುಡುಗ ಭೈರಪ್ಪ. ಹಸಿದು, ಊರೂರು ಅಲೆದು, ಯಾರ ಮಾತನ್ನೂ ಕೇಳದೆ ಓದ್ತಾ ಹೋಗೋ ಹಠಮಾರಿ. ತಾಯಿ ಅಲ್ಲಿ ಮಗನ ನೆನಪಿನಲ್ಲಿ ಬಂದು ಹೋಗ್ತಾರೆ. ಕಾದಂಬರಿಯಲ್ಲಿ ಮಗ ವಿಶ್ವ ಚಿಕ್ಕವನು, ಪುಸ್ತಕ ಪೂರ್ತಿ ತಾಯಿಯದು. ಒಂದೇ ಮನೆ, ಒಂದೇ ಸಾವು, ಆದರೆ ಓದುಗ ಯಾರ ಪಕ್ಕ ಕೂತಿದ್ದ ಅನ್ನೋದರ ಮೇಲೆ ಯಾರು ಹತ್ತಿರ ಅನ್ನೋದು ತೀರ್ಮಾನ ಆಗುತ್ತೆ. ‘ಸತ್ಯ ಘಟನೆ ಆಧಾರಿತ’ ಅಂತ ಸಿನಿಮಾ ಪೋಸ್ಟರಲ್ಲಿ ಹಾಕ್ಕೊಂಡ್ರೆ ಟಿಕೆಟ್ ಹೋಗಬಹುದು, ಪಾತ್ರಕ್ಕೆ ಅದರಿಂದ ಒಂದು ಗ್ರಾಂ ತೂಕ ಜಾಸ್ತಿ ಬರಲ್ಲ.

ಇದಕ್ಕೆ ಇನ್ನೊಂದು ಜೋಡಿ ಇದೆ. ಕುವೆಂಪು ತಮ್ಮ ಆತ್ಮಕಥೆಯನ್ನ ‘ನೆನಪಿನ ದೋಣಿಯಲ್ಲಿ’ ಅಂತ ದಪ್ಪ ಗ್ರಂಥವಾಗಿ ಬರೆದ್ರು. ಮಗ ತೇಜಸ್ವಿ ‘ಅಣ್ಣನ ನೆನಪು’ ಬರೆದ್ರು. ನಮ್ಮ ವಯಸ್ಸಿನೋರಲ್ಲಿ ಎಷ್ಟು ಜನ ಯಾವುದನ್ನ ಓದಿದ್ದಾರೆ ಅಂತ ಕೈ ಎತ್ತಿಸಿ ನೋಡಿ. ರಾಷ್ಟ್ರಕವಿ ಅಂದ್ರೆ ಪಠ್ಯಪುಸ್ತಕದ ಫೋಟೋ ಅಂತ ಅಂದ್ಕೊಂಡಿದ್ದೋರಿಗೆ, ಮಕ್ಕಳ ಕಿತಾಪತಿ ನಡುವೆ ಸಿಕ್ಕಿಹಾಕ್ಕೊಂಡ ಒಬ್ಬ ಅಪ್ಪ ಸಿಕ್ಕಿಬಿಟ್ರು. ಪಕ್ಕದಲ್ಲಿದ್ದವರು ಪ್ರೀತಿಯಿಟ್ಟುಕೊಂಡೇ ಸ್ವಲ್ಪ ನಕ್ಕು ಹೇಳಿದಾಗ ದೊಡ್ಡ ಮನುಷ್ಯನೂ ಪಾತ್ರ ಆಗ್ತಾನೆ. ತನ್ನ ಬಗ್ಗೆ ತಾನೇ ಹೇಳ್ಕೊಳ್ಳುವಾಗ ಆ ನಗು ತರೋದು ಕಷ್ಟ. ತಂದವರು ಕಡಿಮೆ.

ಅಂಥವರಲ್ಲಿ ಸಿದ್ಧಲಿಂಗಯ್ಯ ಒಬ್ಬರು. ‘ಊರು ಕೇರಿ’ ಓದದೇ ಇದ್ದೋರು ದಯವಿಟ್ಟು ಈ ಲೇಖನ ಇಲ್ಲಿಗೇ ಬಿಟ್ಟು ಅದನ್ನ ಓದಿ. ಪುಸ್ತಕದ ಶುರುವಲ್ಲೇ ಒಂದು ದೃಶ್ಯ. ಹೊಲದಲ್ಲಿ ಎತ್ತುಗಳ ಬದಲು ಇಬ್ಬರು ಮನುಷ್ಯರಿಗೆ ನೊಗ ಕಟ್ಟಿ, ಮೂರನೆಯವನು ಹಿಂದಿನಿಂದ ಉಳ್ತಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬರು ನೋಡ್ತಿರೋ ಹುಡುಗನ ಅಪ್ಪ. ಬೇರೆ ಯಾರಾದ್ರೂ ಆಗಿದ್ರೆ ಈ ದೃಶ್ಯದ ಮೇಲೆ ಹತ್ತು ಪುಟ ಉರಿ ಕಾರ್ತಿದ್ರು, ಕಾರೋದಕ್ಕೆ ಪೂರ್ತಿ ಹಕ್ಕೂ ಇತ್ತು. ಕವಿತೆಯಲ್ಲಿ ಬೆಂಕಿ ಉಗುಳಿದ ಅದೇ ಸಿದ್ಧಲಿಂಗಯ್ಯ ಇಲ್ಲಿ ನೋಡಿದ್ದನ್ನ ಹೇಳಿ, ಅದೇ ಉಸಿರಲ್ಲಿ ಮುಂದಿನ ಘಟನೆಗೆ ಹೋಗ್ತಾರೆ. ಪುಸ್ತಕದ ತುಂಬ ನಗು. ಹಸಿವಿನ ಜೊತೆ ನಗು, ಹಾಸ್ಟೆಲ್ ಜೊತೆ ನಗು, ಸ್ಮಶಾನದಲ್ಲೂ ನಗು. ಓದುವಾಗ ನಾವು ‘ಅಯ್ಯೋ ಪಾಪ’ ಅನ್ನೋಕೆ ಬಾಯಿ ತೆರೀತೀವಿ, ಅಷ್ಟರಲ್ಲಿ ಅವರು ನಗಿಸಿಬಿಟ್ಟಿರ್ತಾರೆ. ನಕ್ಕ ಮೇಲೆ ಪಾಪ ಅನ್ನೋಕಾಗಲ್ಲ. ಪಾಪ ಅನ್ನೋನು ಮೇಲಿನ ಮೆಟ್ಟಿಲಲ್ಲಿ ನಿಂತಿರ್ಬೇಕು, ಜೊತೇಲಿ ನಗೋನು ಅದೇ ಮೆಟ್ಟಿಲಿಗೆ ಇಳಿದಿರ್ತಾನೆ.

ನನ್ನನ್ನ ನಿಜಕ್ಕೂ ಕಾಡೋ ಪ್ರಶ್ನೆ ಇಲ್ಲಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಆಫೀಸಲ್ಲಿ ಟಾರಾ ವೆಸ್ಟೋವರ್ ಬರೆದ ‘ಎಜುಕೇಟೆಡ್’ ಕೈಯಿಂದ ಕೈಗೆ ಓಡಾಡ್ತು. ಅಮೆರಿಕದ ಐಡಹೋ ರಾಜ್ಯದ ಬೆಟ್ಟದಲ್ಲಿ, ಮಕ್ಕಳನ್ನ ಸ್ಕೂಲಿಗೆ ಕಳಿಸದ ಅಪ್ಪನ ಮನೆಯಲ್ಲಿ, ಗುಜರಿ ಸಾಮಾನಿನ ನಡುವೆ ಬೆಳೆದು, ಕೊನೆಗೆ ಕೇಂಬ್ರಿಡ್ಜಲ್ಲಿ ಪಿಎಚ್‌ಡಿ ಮಾಡಿದ ಹುಡುಗಿಯ ಆತ್ಮಕಥೆ. ಒಳ್ಳೇ ಪುಸ್ತಕ, ನಾನೂ ಒಂದೇ ವಾರಾಂತ್ಯದಲ್ಲಿ ಮುಗಿಸಿದೆ. ಎಲ್ಲರಿಗೂ ‘ರಿಲೇಟ್ ಆಯ್ತು’. ಅದೇ ಗುಂಪಿಗೆ ‘ಊರು ಕೇರಿ’ ಕೊಟ್ಟೆ. ಇಂಗ್ಲಿಷ್ ಅನುವಾದವೂ ಇದೆ, ಭಾಷೆಯ ನೆಪ ಹೇಳೋ ಹಾಗಿಲ್ಲ. ಅರ್ಧಕ್ಕೆ ನಿಂತೋರೇ ಜಾಸ್ತಿ. ‘ಚೆನ್ನಾಗಿದೆ, ಆದ್ರೆ ಹೆವಿ’ ಅಂದರು ಒಬ್ಬರು. ಹೆವಿ! ಪುಟಕ್ಕೊಂದು ಸಲ ನಗಿಸೋ ಪುಸ್ತಕ ಹೆವಿ, ಅಣ್ಣ ತಂಗಿಯ ಕೈ ತಿರುಚೋ ಪುಸ್ತಕ ರಿಲೇಟಬಲ್.

ಹೋಲಿಕೆ ಇದ್ರೆ ಹತ್ತಿರ ಆಗುತ್ತೆ ಅನ್ನೋದಾದ್ರೆ ಐಡಹೋಗಿಂತ ಮಾಗಡಿ ಹತ್ತಿರ ಆಗ್ಬೇಕಿತ್ತು. ಆಗಲಿಲ್ಲ. ನನ್ನ ಊಹೆ ಇಷ್ಟು: ಐಡಹೋದ ಬಡತನ ನಮ್ಮನ್ನ ಏನೂ ಕೇಳಲ್ಲ. ಆ ಅಪ್ಪ ನಮಗೆ ನೆಂಟನಲ್ಲ, ಆ ಬೆಟ್ಟದ ಮೇಲೆ ನಮ್ಮ ಹೆಸರಲ್ಲಿ ಪಹಣಿ ಇಲ್ಲ. ಮಂಚನಬೆಲೆಯ ಹೊಲದಲ್ಲಿ ನೊಗ ಹೊತ್ತವರು ಇಬ್ಬರು, ನೇಗಿಲು ಹಿಡಿದವನು ಒಬ್ಬ, ಹೊಲದ ಒಡೆಯ ಇನ್ನೊಬ್ಬ. ಓದೋನು ನಾಲ್ಕರಲ್ಲಿ ಎಲ್ಲಿ ನಿಂತಿದ್ದಾನೆ ಅಂತ ಪುಸ್ತಕ ಬಾಯಿಬಿಟ್ಟು ಕೇಳಲ್ಲ, ಆದರೆ ಹೊಲ ಇದ್ದ ಮನೆಯಿಂದ ಬಂದ ನನ್ನಂಥೋರಿಗೆ ಆ ಪ್ರಶ್ನೆ ತಾನಾಗೇ ಕೇಳಿಸುತ್ತೆ. ‘ಹೆವಿ’ ಅನ್ನೋ ಪದದೊಳಗೆ ಈ ಸಂಕಟ ಇದೆ. ಪಾತ್ರದ ಸೆಳೆತ ಅಂದ್ರೆ ಯಾವಾಗಲೂ ಹಿತವಾದ ಸೆಳೆತ ಅಂತ ಯಾರು ಹೇಳಿದ್ದು? ಕೆಲವು ಪಾತ್ರಗಳು ನಮ್ಮನ್ನ ಕೊರಳ ಪಟ್ಟಿ ಹಿಡಿದು ಎಳೀತವೆ.

ಫ್ರಾನ್ಸಿನ ಆನಿ ಎರ್ನೋ (2022ರಲ್ಲಿ ನೊಬೆಲ್ ಬಂತಲ್ಲ, ಅವರು) ತಮ್ಮ ಅಪ್ಪನ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದಿದ್ದಾರೆ, ಇಂಗ್ಲಿಷಲ್ಲಿ ‘ಎ ಮ್ಯಾನ್ಸ್ ಪ್ಲೇಸ್’. ಅಪ್ಪ ಸಣ್ಣ ಊರಲ್ಲಿ ದಿನಸಿ ಅಂಗಡಿ, ಜೊತೆಗೇ ಒಂದು ಕೆಫೆ ಇಟ್ಟವರು. ಮಗಳು ಓದಿ ಟೀಚರ್ ಆದಳು. ಓದಿದ ಮಗಳ ಮುಂದೆ ಅಪ್ಪನಿಗೆ ಮಾತಾಡೋಕೆ ಅಳುಕು, ಅಪ್ಪನ ಮಾತು ಕೇಳೋಕೆ ಮಗಳಿಗೆ ಮುಜುಗರ. ಎರ್ನೋ ಎಲ್ಲೂ ಅಪ್ಪನನ್ನ ದೇವರು ಮಾಡಲ್ಲ, ತಾನು ಅತ್ತೆ ಅಂತ ಹೇಳ್ಕೊಳ್ಳೋ ಗೋಜಿಗೂ ಹೆಚ್ಚು ಹೋಗಲ್ಲ. ಬರವಣಿಗೆ ರೇಷನ್ ಕಾರ್ಡಿನಷ್ಟು ಸಪಾಟು. ಹಳ್ಳಿಯಿಂದ ಬಂದು ಬಿಇ ಮಾಡಿ ಇಲ್ಲಿ ಕೆಲಸಕ್ಕೆ ಸೇರಿದ ಯಾರಾದ್ರೂ ಆ ಪುಸ್ತಕ ಓದಿ ನೋಡ್ಲಿ. ಅಪ್ಪ ಮೊದಲ ಸಲ ಫ್ಲಾಟಿಗೆ ಬಂದಾಗ ಚಪ್ಪಲಿ ಎಲ್ಲಿ ಬಿಡ್ಬೇಕು ಅಂತ ಗೊತ್ತಾಗದೆ ಲಿಫ್ಟ್ ಹತ್ರಾನೇ ಬಿಟ್ಟು ಬಂದದ್ದು ನೆನಪಾಗುತ್ತೆ. ಫ್ರಾನ್ಸಿನ ಕೆಫೆಗೂ ನಮ್ಮ ಕಡೆ ಹುರುಳಿ ಹೊಲಕ್ಕೂ ಏನು ಸಂಬಂಧ? ಸಂಬಂಧ ಇರೋದು ಮಗಳು ಮುಚ್ಚಿಡದೇ ಇದ್ದ ಆ ಮುಜುಗರದಲ್ಲಿ.

ಇದನ್ನೇ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ಈಚಿನ ವರ್ಷಗಳಲ್ಲಿ ನಮ್ಮ ಕಡೆ ಬರ್ತಿರೋ ನೆನಪಿನ ಬರಹಗಳಲ್ಲಿ ಅಮ್ಮ ಅನ್ನೋಳು ಒಂದು ಅಚ್ಚು ಆಗಿಬಿಟ್ಟಿದ್ದಾಳೆ. ಹೊಗೆ ತುಂಬಿದ ಒಲೆ, ಹರಿದ ಸೀರೆ ಸೆರಗು, ತಾನು ಉಪವಾಸ ಇದ್ದು ಮಗನಿಗೆ ಮುದ್ದೆ, ಮಗ ಬೆಂಗಳೂರಿನ ಎಸಿ ಆಫೀಸಲ್ಲಿ ಕೂತು ಕಣ್ಣೀರು. ಸಾವಿರ ಲೈಕು. ಸುಳ್ಳು ಅಂತ ನಾನು ಹೇಳಲ್ಲ. ನಮ್ಮಮ್ಮನೂ ಹೊಗೆ ಕುಡಿದಿದ್ದಾರೆ. ಆದರೆ ನಮ್ಮಮ್ಮ ಸಂತೆಯಲ್ಲಿ ನುಗ್ಗೆಕಾಯಿ ಚೌಕಾಸಿಗೆ ಅರ್ಧ ಗಂಟೆ ನಿಲ್ತಿದ್ರು, ಪಕ್ಕದ ಮನೆ ಹುಡುಗ ನನಗಿಂತ ಎರಡು ಮಾರ್ಕ್ಸ್ ಜಾಸ್ತಿ ತಗೊಂಡಾಗ ಅವರಮ್ಮನ ಜೊತೆ ಒಂದು ವಾರ ಮಾತು ಬಿಟ್ಟಿದ್ರು. ಆ ಅಮ್ಮ ಈ ಬರಹಗಳಲ್ಲಿ ಎಲ್ಲಿ ಹೋದಳು? ತ್ಯಾಗಮೂರ್ತಿ ಮಾಡೋದು ಅಂದ್ರೆ ಅವಳಿಗೆ ಬಾಯಿಲ್ಲದ ಹಾಗೆ ಮಾಡೋದು. ಪೂಜೆ ಮಾಡಿ ಕೈ ಮುಗಿದು ಬಂದ್ರೆ ಮುಗೀತು, ಅವಳ ಜೊತೆ ಮಾತಾಡೋ ಕೆಲಸ ಇಲ್ಲ.

ವಸುಧೇಂದ್ರರ ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಇಷ್ಟು ವರ್ಷ ಆದ್ರೂ ಅಂಗಡಿಗಳಲ್ಲಿ ಓಡ್ತಾ ಇರೋದಕ್ಕೆ ಕಾರಣ ಅಲ್ಲಿನ ಅಮ್ಮ ದೇವತೆ ಅಲ್ಲದೇ ಇರೋದು. ಅವರೂ ನಮ್ಮ ಹಾಗೆ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು, ಸಂಡೂರಿನ ಕಡೆಯವರು. ಅಮ್ಮನ ಹಠ, ಹುಚ್ಚು ಆಸೆ, ಜಗಳ ಎಲ್ಲವನ್ನೂ ಇಟ್ಟುಕೊಂಡೇ ಪ್ರೀತಿಸಿದ ಪುಸ್ತಕ ಅದು. ಅದನ್ನ ನೋಡಿ ಬರೆದವರು ಹುಚ್ಚು ಆಸೆಗಳನ್ನ ಬಿಟ್ಟು ಕಣ್ಣೀರನ್ನ ಮಾತ್ರ ಕಾಪಿ ಮಾಡಿದ್ರು ಅನ್ಸುತ್ತೆ.

ನಮ್ಮ ಸೀಮೆ ವಿಷಯಕ್ಕೆ ಬರ್ತೀನಿ. ತುಮಕೂರು ಕಂದಾಯ ಲೆಕ್ಕಕ್ಕೆ ಒಂದು ಜಿಲ್ಲೆ, ಶಿಕ್ಷಣ ಇಲಾಖೆ ಲೆಕ್ಕಕ್ಕೆ ಎರಡು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೇರಿ ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’. ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಬಿಟ್ರೆ ರಾಜ್ಯದ ಬೇರೆಯೋರಿಗೆ ಈ ಜಿಲ್ಲೆಯ ಹೆಸರು ಕಿವಿಗೆ ಬೀಳೋದು ಕಡಿಮೆ. ಮಳೆ ನಂಬೋ ಹಾಗಿಲ್ಲ, ಬಂದ ವರ್ಷ ಶೇಂಗಾ, ನಮ್ಮ ಬಾಯಲ್ಲಿ ಕಳ್ಳೇಕಾಯಿ. ಇಲ್ಲಿಯವನಾಗಿ ನಾನು ದೇವನೂರ ಮಹಾದೇವರ ‘ಒಡಲಾಳ’ ಓದಿದ್ದು ಬೇರೆಯೇ ಥರ. ಕಳೆದುಹೋದ ಹುಂಜ ಹುಡುಕೋ ಸಾಕವ್ವನನ್ನ ಎಲ್ಲರೂ ನೆನಪಿಸ್ಕೊಳ್ತಾರೆ. ನಂಗೆ ಅಂಟಿಕೊಂಡಿದ್ದು ಕದ್ದು ತಂದ ಕಳ್ಳೇಕಾಯಿಯನ್ನ ಮನೆಮಂದಿಯೆಲ್ಲ ರಾತ್ರಿ ಸುತ್ತ ಕೂತು ತಿನ್ನೋ ಭಾಗ. ಮೈಸೂರು ಸೀಮೆ ಕಥೆ, ಅಲ್ಲಿನ ಮಾತು ನಮ್ಮದಲ್ಲ. ಆದರೆ ಕಳ್ಳೇಕಾಯಿ ಬಿಡಿಸೋ ಸದ್ದು, ಬೆರಳ ತುದಿಯ ಉರಿ, ಬೆಂಕಿಯಲ್ಲಿ ಸುಟ್ಟ ಸಿಪ್ಪೆಯ ವಾಸನೆ ಗೊತ್ತಿರೋನಿಗೆ ಆ ರಾತ್ರಿ ಎಷ್ಟು ಉದ್ದ ಇತ್ತು ಅಂತ ಗೊತ್ತಾಗುತ್ತೆ. ಹಸಿದ ಮನೆಯಲ್ಲಿ ಒಂದು ರಾತ್ರಿ ಹಬ್ಬ. ಬೆಳಿಗ್ಗೆ ಪೊಲೀಸು. ಆ ಜನರ ಬಗ್ಗೆ ದೇವನೂರರು ಯಾವ ಶಿಫಾರಸು ಪತ್ರವನ್ನೂ ಬರೆಯಲ್ಲ. ಕದ್ದರು, ತಿಂದರು, ಖುಷಿ ಪಟ್ಟರು.

ನಮ್ಮದೇ ನಾಲ್ಕು ತಾಲ್ಲೂಕಿನೋರು ಬರೆದಿಲ್ಲ ಅಂತೇನಿಲ್ಲ. ಸಿರಾ ತಾಲ್ಲೂಕಿನ ಬರಗೂರಿನಿಂದ ಬರಗೂರು ರಾಮಚಂದ್ರಪ್ಪ ಬಂದ್ರು. ಕೊರಟಗೆರೆ ತಾಲ್ಲೂಕಿನ ತುಂಬಾಡಿಯಿಂದ ತುಂಬಾಡಿ ರಾಮಯ್ಯ ‘ಮಣೆಗಾರ’ ಅನ್ನೋ ಆತ್ಮಕಥೆ ಬರೆದ್ರು. ಕನ್ನಡದ ದಲಿತ ಆತ್ಮಕಥೆಗಳ ಮಾತು ಬಂದಾಗ ‘ಊರು ಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದ ಜೊತೆ ಹೇಳೋ ಪುಸ್ತಕ. ಮಧುಗಿರಿ ಸೀಮೆಯ ಎಷ್ಟು ಜನ ಸಾಫ್ಟ್‌ವೇರ್ ಹುಡುಗರ ಕಪಾಟಿನಲ್ಲಿ ಅದು ಇದೆ? ಬಸ್ಸಿನಲ್ಲಿ ಓಡಾಡಿದ ಊರುಗಳ ಜನ ಪುಸ್ತಕದಲ್ಲಿ ಪಾತ್ರ ಆಗಿದ್ದಾರೆ ಅಂದ್ರೆ ಓದೋ ರೀತಿಯೇ ಬದಲಾಗುತ್ತೆ. ‘ಇವರು ನನ್ನ ಥರ ಇದ್ದಾರಾ’ ಅಂತ ಕೇಳಲ್ಲ, ‘ಇವರು ಆ ಕಡೆ ಬೀದಿಯಲ್ಲಿ ಇದ್ದಾಗ ನಾವು ಈ ಕಡೆ ಬೀದಿಯಲ್ಲಿ ಏನು ಮಾಡ್ತಿದ್ವಿ’ ಅಂತ ಕೇಳ್ಕೊಳ್ತೀವಿ.

ಅಂದಹಾಗೆ, ಪುಸ್ತಕಕ್ಕೂ ಮುಂಚೆ ಇಲ್ಲಿ ಪಾತ್ರಗಳ ಹುಚ್ಚು ಇತ್ತು. ಸಿರಾ ಕಡೆ ಕಾಡುಗೊಲ್ಲರು ಉದ್ದನೆಯ ಗಣೆ ಊದ್ಕೊಂಡು ಜುಂಜಪ್ಪನ ಕಥೆ ಹಾಡ್ತಾರೆ. ಕಳುವರಹಳ್ಳಿ ಹತ್ತಿರ ಜುಂಜಪ್ಪನ ಗುಡ್ಡೆಯೇ ಇದೆ. ಜುಂಜಪ್ಪ ಅಲ್ಲಿ ದೇವರು, ಆದರೆ ಹಾಡಿನೊಳಗೆ ದನ ಕಾಯೋನು. ಕೇಳೋರು ಅವನ ಮಹಿಮೆಗೆ ಕೈ ಮುಗೀತಾರೆ, ಕಣ್ಣು ಒರೆಸಿಕೊಳ್ಳೋದು ಅವನ ನೆಚ್ಚಿನ ರಾಸು ಬಡಮೈಲನ ವಿಷಯ ಬಂದಾಗ. ದೇವರಿಗೂ ಪಾತ್ರ ಆಗ್ಬೇಕಂದ್ರೆ ಮೇಯಿಸೋಕೆ ನಾಲ್ಕು ದನ ಬೇಕು.

ಇಲ್ಲಿಗೆ ನನ್ನ ವಾದ ಹೆಚ್ಚುಕಮ್ಮಿ ಕೆಲಸದ ಸುತ್ತಲೇ ತಿರುಗ್ತಿದೆ ಅಂತ ನಿಮಗೆ ಗೊತ್ತಾಗಿರುತ್ತೆ. ‘ಕರ್ವಾಲೊ’ದ ಮಂದಣ್ಣನೂ ಅಷ್ಟೇ. ಊರಿನೋರ ಕಣ್ಣಿಗೆ ಕೆಲಸಕ್ಕೆ ಬಾರದೋನು, ಜೇನಿನ ವಿಷಯಕ್ಕೆ, ಕಾಡಿನ ವಿಷಯಕ್ಕೆ ಬಂದ್ರೆ ವಿಜ್ಞಾನಿಯೇ ಅವನ ಹಿಂದೆ ನಡೀಬೇಕು. ಹಾಗಾದ್ರೆ ಕೆಲಸವೇ ಇಲ್ಲದ ಪಾತ್ರ ನಮ್ಮನ್ನ ಸೆಳೆಯೋದು ಹೇಗೆ? ಈ ಪ್ರಶ್ನೆಗೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಅಡ್ಡ ನಿಲ್ಲುತ್ತೆ. ಅಲ್ಲಿನ ನಿರೂಪಕನಿಗೆ ಹೆಸರಿಲ್ಲ, ಮಾಡೋಕೆ ಕೆಲಸಾನೂ ಇಲ್ಲ. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದುಡ್ಡು ತಾನಾಗೇ ಬರುತ್ತೆ, ಇವನು ಹೆಸರಿಗೆ ಕಂಪನಿಯಲ್ಲಿದ್ದಾನೆ, ಕೂರೋದು ಕಾಫಿ ಹೌಸಿನಲ್ಲಿ. ಚಿಕ್ಕಪ್ಪನನ್ನ ಹುಡುಕ್ಕೊಂಡು ಊಟದ ಡಬ್ಬಿ ಹಿಡಿದು ಬಂದ ಹೆಂಗಸನ್ನ ಮನೆಯೋರು ಬಾಗಿಲಲ್ಲೇ ಬೈದು ಓಡಿಸ್ತಾರೆ. ಇವನು ಸುಮ್ಮನೆ ನೋಡ್ತಾನೆ. ನಾವೂ ಅವನ ಹೆಗಲ ಹಿಂದೆ ನಿಂತು ನೋಡ್ತೀವಿ. ಪುಸ್ತಕ ಮುಚ್ಚಿದ ಮೇಲೆ ತಿಳಿಯುತ್ತೆ, ಅವನ ಸುಮ್ಮನಿರುವಿಕೆಗೆ ನಾವೂ ನೂರು ಪುಟ ಜೊತೆ ಕೊಟ್ಟಿದ್ದೀವಿ ಅಂತ. ತಿಂಗಳ ಕೊನೇ ದಿನ ಮೊಬೈಲಲ್ಲಿ ಸಂಬಳದ ಮೆಸೇಜ್ ಬರೋ ನಮ್ಮಂಥೋರಿಗೆ ಆ ಮನೆಯ ಊಟದ ಟೇಬಲ್ಲು ದೂರ ಏನಲ್ಲ.

ಈ ಕಾದಂಬರಿ ನಂಗೆ ಮತ್ತೆ ಮತ್ತೆ ನೆನಪಾಗೋದು ಪಾವಗಡದಲ್ಲಿ. ತಿರುಮಣಿ, ವಳ್ಳೂರು ಸುತ್ತ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂದಿದೆ, 2,050 ಮೆಗಾವ್ಯಾಟಿನದು. ಜಮೀನು ಮಾರಿಸಲಿಲ್ಲ, ಗುತ್ತಿಗೆಗೆ ತಗೊಂಡ್ರು. ಶುರುವಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ಬರಲಿ ಬಿಡಲಿ ದುಡ್ಡು ಬರುತ್ತೆ. ಬರಗಾಲದಲ್ಲಿ ಕಳ್ಳೇಕಾಯಿ ಬಿತ್ತಿ ಬೀಜದ ಕಾಸೂ ಹುಟ್ಟದೇ ಇದ್ದ ರೈತನಿಗೆ ಇದು ಸಣ್ಣ ಮಾತಲ್ಲ, ಪಟ್ಟಣದಲ್ಲಿ ಕೂತು ಅವನ ಪರವಾಗಿ ಗೋಳಾಡೋ ಅಧಿಕಾರ ನನಗಿಲ್ಲ. ಜಮೀನೇ ಇಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡ್ತಿದ್ದವರ ಲೆಕ್ಕ ಬೇರೆ, ಅವರಿಗೆ ಗುತ್ತಿಗೆ ದುಡ್ಡಿಲ್ಲ.

ಅಲ್ಲಿ ಒಂದು ಕಾದಂಬರಿ ಕೂತಿದೆ. ಮನೇಲಿ ತೆಲುಗು, ಕಚೇರಿಯಲ್ಲಿ ಕನ್ನಡ ಮಾತಾಡೋ ಅರವತ್ತು ವರ್ಷದ ರೈತ. ಕಣ್ಣಿಗೆ ಕಾಣೋವರೆಗೂ ಗಾಜಿನ ಹಲಗೆ, ಸುತ್ತ ಬೇಲಿ, ಬೇಲಿಯೊಳಗೆ ಎಲ್ಲೋ ಅವನ ನಾಲ್ಕು ಎಕರೆ. ಎತ್ತು ಮಾರಿಯಾಗಿದೆ. ದುಡ್ಡು ಖಾತೆಗೆ ಬಂದಿದೆ, ಮಗ ಬೈಕ್ ತಗೊಂಡಿದ್ದಾನೆ. ಐವತ್ತು ವರ್ಷ ಕೋಳಿ ಕೂಗೋ ಮುಂಚೆ ಎದ್ದ ಅಭ್ಯಾಸ, ಇವತ್ತೂ ಆ ಹೊತ್ತಿಗೇ ಎಚ್ಚರ ಆಗಿದೆ. ಹೆಂಡತಿ ಇನ್ನೂ ಮಲಗಿದ್ದಾಳೆ, ಅಥವಾ ಮಲಗಿದ ಹಾಗೆ ನಟಿಸ್ತಾ ಇದ್ದಾಳೆ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದ. ಈಗ ಅವನು ಯಾವ ಕಡೆ ನಡೀತಾನೆ?